ಎಲೆಯಂಥದ್ದು

ಮೂವತ್ನಾಲ್ಕು ವರ್ಷ ನಾನು ಕನ್ನಡ, ಸಂಸ್ಕೃತ ಕಲಿಸಿದವನು. ಅದರಲ್ಲಿ ಇಪ್ಪತ್ತೊಂದು ವರ್ಷ ಯಂಕಂಚಿಯ ಹೈಸ್ಕೂಲಿನಲ್ಲಿ. ಒಂದು ಹೊಸ ಶಬ್ದ ಕೈಗೆ ಸಿಕ್ಕರೆ ಅದು ಎಲ್ಲಿ ಹುಟ್ಟಿತು, ಯಾರ ಮನೆಯಲ್ಲಿ ಬೆಳೆಯಿತು ಎಂದು ಪತ್ತೆ ಹಚ್ಚುವ ತನಕ ನನಗೆ ಊಟ ಸೇರುವುದಿಲ್ಲ. ಸಿಂದಗಿಯಲ್ಲಿ ಪಂಢರಿನಾಥ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ಶಬ್ದದ ಮಾಸ್ತರ ಎಂದರೆ ಮನೆಯ ಬಾಗಿಲವರೆಗೆ ತಂದು ಬಿಡುತ್ತಾರೆ. ಕೆಲವರು ಈ ಹೆಸರನ್ನು ಗೌರವದಿಂದ ಹೇಳುತ್ತಾರೆ, ಕೆಲವರು ನಾನು ಎದುರು ಬರುವುದನ್ನು ಕಂಡು ಗಲ್ಲಿ ಬದಲಿಸುವಾಗ ಹೇಳುತ್ತಾರೆ. ಎರಡೂ ನನಗೆ ಗೊತ್ತಿದೆ. ಮೊದಲೇ ಹೇಳಿಬಿಡುತ್ತೇನೆ, ಈ ಕಥೆಯಲ್ಲಿ ತಪ್ಪು ಮಾಡಿದವನು ನಾನೇ.

ಸಂಪದಾ ನನ್ನ ಸೊಸೆ, ಒಬ್ಬನೇ ಮಗ ಸುಶ್ರುತನ ಹೆಂಡತಿ. ಅವನ ನೌಕರಿ ಮುದ್ದೇಬಿಹಾಳದಲ್ಲಿ. ಶನಿವಾರ ಸಂಜೆ ಬಂದು, ಸೋಮವಾರ ಮುಂಜಾನೆ ತಾಳಿಕೋಟೆಯ ಬಸ್ಸು ಹಿಡಿದು ಹೋಗುತ್ತಾನೆ. ಕಳೆದ ಜೂನಿನಲ್ಲಿ ಸಂಪದಾಳ ಬಲ ಮೊಲೆಯಲ್ಲಿ ಲಿಂಬೆಕಾಯಿಯಷ್ಟು ಗಂಟು ಕಂಡಿತು. ಈಗ ಇಷ್ಟು ಸಲೀಸಾಗಿ ಬರೆದೆ. ಆಗ ಆ ಶಬ್ದ ನಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ನನ್ನ ಹೆಂಡತಿ ರಂಗೂಬಾಯಿ, "ಅಕಿಗೆ ಸ್ವಲ್ಪ ಆರಾಮಿಲ್ರಿ" ಎಂದಳು. ಏನಾಗಿದೆ, ಎಲ್ಲಿ ಎಂದು ನಾನು ಕೇಳಲಿಲ್ಲ. ಹೆಂಗಸರಿಗೆ ಆರಾಮಿಲ್ಲ ಎಂದರೆ ಗಂಡಸು ಅದರ ಮುಂದಿನ ಪ್ರಶ್ನೆ ಕೇಳುವ ಪದ್ಧತಿ ನಮ್ಮ ಮನೆತನದಲ್ಲಿಲ್ಲ.

ಊರಿನ ಒಂದು ಸಣ್ಣ ದವಾಖಾನೆಯಲ್ಲಿ ಗಂಟು ತೆಗೆದರು. ಸಂಪದಾ ಸಂಜೆಗೇ ಮನೆಗೆ ಬಂದಳು. ತೆಗೆದದ್ದನ್ನು ತಪಾಸಣೆಗೆ ಕಳಿಸಿದ್ದರು, ಹತ್ತು ದಿನಕ್ಕೆ ವರದಿ ಬಂತು. ಅತ್ತೆ ಸೊಸೆ ಇಬ್ಬರೂ ಹೋಗಿ ತಂದರು. ಅಂದು ಡಾಕ್ಟರು ಊರಲ್ಲಿರಲಿಲ್ಲ. ಕಂಪೌಂಡರನು ರೋಗದ ಹೆಸರಿನ ಕೆಳಗೆ ಕೆಂಪು ಗೆರೆ ಎಳೆದು, ಸೋಮವಾರ ಬಂದು ಸಾಹೇಬರಿಗೆ ತೋರಿಸಿರಿ ಎಂದು ಹೇಳಿ ಕಳಿಸಿದ್ದ.

ಸೋಮವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. ಅತ್ತೆ ಸೊಸೆ ಇಬ್ಬರಿಗೂ ಇಂಗ್ಲಿಷ್ ಬಾರದು, ಆ ಹೆಸರಿನ ಅರ್ಥ ಏನು ಎಂದು ತಿಳಿಯುವುದಕ್ಕೆ ನನ್ನನ್ನು ಬಿಟ್ಟರೆ ಮತ್ತಾರಿದ್ದರು? ರಂಗೂಬಾಯಿ ಕಾಗದ ತಂದು ನನ್ನ ಮುಂದೆ ಹಿಡಿದಳು. ಹಿಡಿಯುವ ಮುಂಚೆ ಅದನ್ನು ಮೇಲಿನಿಂದ ಒಂದು, ಕೆಳಗಿನಿಂದ ಒಂದು ಮಡಿಕೆ ಹಾಕಿ, ಎರಡೂ ಕಡೆ ಟಾಚಣಿ, ಅಂದರೆ ಗುಂಡುಸೂಜಿ, ಚುಚ್ಚಿ, ಕೆಂಪು ಗೆರೆಯ ಒಂದೇ ಸಾಲು ಕಾಣುವಂತೆ ಮಾಡಿದ್ದಳು.

"ಇಷ್ಟ ಓದ್ರಿ. ಉಳದದ್ದು ನೀವು ಓದೂ ಹಂಗಿಲ್ಲ" ಎಂದಳು.

ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಸೊಸೆಯ ಮೈಯ ವರ್ಣನೆ ಮಾವ ಓದಬಾರದು. ಓದದೆ ಇರುವುದೇ ಮರ್ಯಾದೆ ಎಂದುಕೊಂಡೆ. ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿರಿ, ನಾನೂ ನೋಡುತ್ತೇನೆ ಎಂದು ಸುಶ್ರುತ ಫೋನಿನಲ್ಲಿ ಅಂದಾಗ ರಂಗೂಬಾಯಿ, "ಅಂಥಾ ಕಾಗದ ಮೊಬೈಲಿನ್ಯಾಗ ಊರೂರು ತಿರಗೂದು ಬ್ಯಾಡ" ಎಂದು ಗದರಿದಳು. ನಾನೂ ಹೌದೆಂದೆ. ಶನಿವಾರ ಅವನು ಬರುವಷ್ಟರಲ್ಲಿ ಅವಳು ಕಾಗದವನ್ನು ಎಲ್ಲೋ ಎತ್ತಿಟ್ಟಿದ್ದಳು.

ಆ ಸಾಲಿನಲ್ಲಿ ಎರಡು ಮುಖ್ಯ ಮಾತುಗಳಿದ್ದವು. ಒಂದು ನನಗೆ ಗೊತ್ತಿತ್ತು: ಬಿನೈನ್, ಅಂದರೆ ಕೇಡಿಲ್ಲದ್ದು. ಇನ್ನೊಂದು ಫಿಲ್ಲೋಡೀಸ್. ಈ ಜನ್ಮದಲ್ಲಿ ಕೇಳಿರದ ಶಬ್ದ. ಭಯವಾಗಬೇಕಿತ್ತು. ನನಗೆ ಖುಷಿಯಾಯಿತು. ಇದನ್ನು ಬಚ್ಚಿಡುವುದಿಲ್ಲ, ನಿಜವಾಗಿಯೂ ಖುಷಿಯಾಯಿತು.

ಮೂರು ದಿನ ನಾನು ಅಟ್ಟದ ನಿಘಂಟುಗಳನ್ನು ಇಳಿಸಿ ಅವುಗಳ ನಡುವೆಯೇ ಕೂತೆ. ಅದು ಗ್ರೀಕ್ ಶಬ್ದ. ಅಲ್ಲಿ ಫಿಲ್ಲೋನ್ ಎಂದರೆ ಎಲೆ. ಮಕ್ಕಳು ವಿಜ್ಞಾನದ ಪುಸ್ತಕದಲ್ಲಿ ಪತ್ರಹರಿತ್ತು ಎಂದು ಓದುತ್ತಾರಲ್ಲ, ಅದರ ಇಂಗ್ಲಿಷ್ ಹೆಸರಾದ ಕ್ಲೋರೋಫಿಲ್‌ನ ಬಾಲದಲ್ಲಿರುವುದೂ ಇದೇ ಎಲೆ. ಫಿಲ್ಲೋಡೀಸ್ ಎಂದರೆ ಎಲೆಯಂಥದ್ದು. ಸುಮಾರು ಇನ್ನೂರು ವರ್ಷದ ಹಿಂದೆ ಜರ್ಮನಿಯ ವೈದ್ಯನೊಬ್ಬ ಇಂಥ ಗಂಟನ್ನು ಕೊಯ್ದು ನೋಡಿದಾಗ ಒಳಗೆ ಎಲೆಗಳ ಹಾಗೆ ಮಡಿಕೆ ಮಡಿಕೆ ಕಂಡಿತಂತೆ, ಅದಕ್ಕೇ ಈ ಹೆಸರಿಟ್ಟ. ನಮ್ಮ ಕಡೆ ಅರಣ್ಯ ಇಲಾಖೆಯವರು ರಸ್ತೆ ಬದಿಗೆ ಹಚ್ಚಿದ ಆಸ್ಟ್ರೇಲಿಯಾ ಜಾಲಿ ಇದೆ. ಅದರ ಎಲೆ ನಿಜಕ್ಕೂ ಎಲೆಯಲ್ಲ, ಚಪ್ಪಟೆಯಾದ ತೊಟ್ಟು. ಸಸ್ಯಶಾಸ್ತ್ರದವರು ಅದನ್ನು ಕರೆಯುವ ಹೆಸರೂ ಇದೇ ಬೇರಿನಿಂದ ಬಂದದ್ದು. ಎಲೆಯಂತೆ ಕಾಣುವುದೆಲ್ಲ ಎಲೆಯಲ್ಲ ಎಂದು ನಿಘಂಟೇ ನನ್ನ ಕಣ್ಣ ಮುಂದೆ ಹೇಳುತ್ತಿತ್ತು. ನಾನು ಅದನ್ನು ಓದಿ, ಬಹಳ ಚೆಂದದ ಸಂಗತಿ ಎಂದು ವಹಿಯಲ್ಲಿ ಬರೆದುಕೊಂಡು ಮುಂದಿನ ಪುಟ ತಿರುಗಿಸಿದೆ.

ರವಿವಾರ ಎಲ್ಲರೂ ಊಟಕ್ಕೆ ಕೂತಾಗ ನನ್ನ ಸಂಶೋಧನೆ ಮಂಡಿಸಿದೆ. ಗ್ರೀಕಿನಿಂದ ಶುರುಮಾಡಿ ಸಂಸ್ಕೃತಕ್ಕೆ ಬಂದೆ. "ನಮ್ಮ ಪತ್ರ ಅನ್ನೂ ಶಬ್ದ ಬಂದದ್ದು ಪತ್ ಅನ್ನೂ ಧಾತುವಿನಿಂದ. ಪತ್ ಅಂದ್ರ ಹಾರು, ಬೀಳು. ಬೀಳೂದು ಎಲಿಯ ಸ್ವಭಾವ. ಹೆಸರಿನ್ಯಾಗ ವಿಷ ಇಲ್ಲ, ಸ್ವಭಾವದಾಗೂ ಇಲ್ಲ. ಒಂದ್ ಎಲಿ ಇತ್ತು, ತಗದಾರ. ಏನರ ಚೂರು ಉಳದಿದ್ರೂ ತಾನ ಉದುರ್ತದ" ಎಂದೆ.

ಸುಶ್ರುತ ತಲೆ ಕೆರೆದುಕೊಂಡು, "ಆದ್ರೂ ನಾಳೆ ಒಮ್ಮೆ ಡಾಕ್ಟರಿಗೆ ತೋರಿಸಿ ಬರೂಣಲ್ಲಪ್ಪಾ" ಎಂದ.

"ತೋರಿಸಿ ಏನ್ ಕೇಳ್ತಿ? ಅರ್ಥ ನಾ ಹೇಳಿದ್ನಲ್ಲ" ಎಂದು ನಾನು ಸಿಡುಕಿದೆ. ನನ್ನ ಮಾತಿನ ಮೇಲೆ ಇನ್ನೊಬ್ಬರ ರುಜು ಬೇಕೆಂದರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಸಂಪದಾ ತಿಂಗಳ ಮೇಲೆ ಮೊದಲ ಸಲ ನಕ್ಕು, ನನ್ನ ತಾಟಿಗೆ ಇನ್ನೊಂದು ಚಪಾತಿ ಹಾಕಿದಳು. ಆ ನಗೆ ನೋಡಿ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಆ ಸೋಮವಾರ ಯಾರೂ ದವಾಖಾನೆಗೆ ಹೋಗಲಿಲ್ಲ. ಮುಂದೆಯೂ ಹೋಗಲಿಲ್ಲ.

ಅಂದಿನಿಂದ ಆ ಕಾಯಿಲೆಗೆ ಮನೆಯಲ್ಲಿ ಎಲೆ ಎಂದೇ ಹೆಸರಾಯಿತು. ಹೇಳಬಾರದ್ದನ್ನು ಹೇಳುವುದಕ್ಕೆ ಎಲ್ಲರಿಗೂ ಒಂದು ಒಳ್ಳೆಯ ಶಬ್ದ ಸಿಕ್ಕಿತು. ಹೊಲಿಗೆ ಮಾಯ್ದವು, ಶ್ರಾವಣ ಬಂತು, ಗಣಪತಿ ಬಂದು ಹೋದ. ಅಡಿಗೆಮನೆಯಿಂದ ರಂಗೂಬಾಯಿ, "ಎಲಿ ಆರಾಮದ ಏನವಾ?" ಎಂದು ಕೇಳುವುದು ಒಮ್ಮೊಮ್ಮೆ ನನ್ನ ಕಿವಿಗೆ ಬೀಳುತ್ತಿತ್ತು. "ಆರಾಮದ ಅತ್ಯಾ" ಎನ್ನುತ್ತಿದ್ದಳು ಸಂಪದಾ. ಅಷ್ಟು ಕೇಳಿ ನಾನು ಪೇಪರಿನ ಪುಟ ತಿರುಗಿಸುತ್ತಿದ್ದೆ.

ನಿವೃತ್ತ ಮಾಸ್ತರರು ನಾವು ಏಳೆಂಟು ಮಂದಿ ಪ್ರತಿ ಬುಧವಾರ ವಾಚನಾಲಯದ ಹಿಂದಿನ ಕೋಣೆಯಲ್ಲಿ ಸೇರುತ್ತೇವೆ. ಒಂದು ವಾರಕ್ಕೆ ಒಬ್ಬರು ಮಾತಾಡಬೇಕು. ಅಕ್ಟೋಬರ್ ಮೊದಲ ವಾರ ನನ್ನ ಸರದಿ. ಹೊಸದೇನಾದರೂ ಹೇಳಬೇಕಲ್ಲ, ಫಿಲ್ಲೋಡೀಸ್ ಎತ್ತಿಕೊಂಡೆ. ಯಾರದೆಂದು ಹೇಳದೆ, ಪರಿಚಯದವರೊಬ್ಬರ ವರದಿಯಲ್ಲಿ ಸಿಕ್ಕಿತು ಎಂದೆ. ಗ್ರೀಕಿನ ಎಲೆ, ಪತ್ರಹರಿತ್ತು, ಆಸ್ಟ್ರೇಲಿಯಾ ಜಾಲಿ, ಪತ್ ಧಾತು ಎಲ್ಲ ಆಯಿತು. ಚಪ್ಪಾಳೆ ತಟ್ಟಿದರು.

ಫಕ್ರುದ್ದೀನ ತಟ್ಟಲಿಲ್ಲ. ಅವರು ಮಾಸ್ತರರಲ್ಲ, ದನದ ಡಾಕ್ಟರಾಗಿ ನಿವೃತ್ತರಾದವರು, ಚಹಾದ ಆಸೆಗೆ ಬರುತ್ತೇನೆ ಎಂದು ತಾವೇ ಹೇಳಿಕೊಳ್ಳುತ್ತಾರೆ.

"ಹೆಸರೇನೋ ಆತ್ರಿ ಮಾಸ್ತರ. ಅಂಚು ಹ್ಯಾಂಗಿತ್ತು?" ಎಂದು ಕೇಳಿದರು.

"ಯಾವ ಅಂಚು?"

"ಕೊಯ್ದ ಗಂಟಿನ ಅಂಚ್ರಿ. ನನ್ನ ನಾದಿನಿ ಮುಬೀನಾಗ ಇದ ಆಗಿತ್ತು. ಸೊಲ್ಲಾಪುರದಾಗ ಡಾಕ್ಟರ್ ಹೇಳಿದ್ರು, ಈ ಬ್ಯಾನ್ಯಾಗ ಹೆಸರು ನೋಡಬ್ಯಾಡ್ರಿ, ಅಂಚು ನೋಡ್ರಿ ಅಂತ. ಗಂಟಿನ ಸುತ್ತ ಚಲೋ ಮಾಂಸ ಒಂದಿಷ್ಟು ಸೇರಿಸಿ ತಗೀಬೇಕಂತ. ಅಂಚಿನಾಗ ಒಂದು ಎಳಿ ಉಳದ್ರೂ ಮತ್ತ ಬರ್ತೈತಿ, ಮೊದಲಿನಕಿಂತ ಜೋರ ಬೆಳಿತೈತಿ. ಅಕಿಗೆ ಎರಡನೇ ಸಲ ಕೊಯ್ದರ್ರಿ. ಅಂಚಿನ ಸುದ್ದಿ ವರದ್ಯಾಗ ಬರದಿರ್ತಾರ, ಕೆಳಗ."

ಕೆಳಗೆ. ಅಂದರೆ ಟಾಚಣಿ ಚುಚ್ಚಿದ ಮಡಿಕೆಯ ಒಳಗೆ. ಚಹಾ ಬಂತು, ಕುಡಿಯದೆ ಎದ್ದೆ. ವಾಚನಾಲಯದಿಂದ ಮನೆಗೆ ಹತ್ತು ನಿಮಿಷದ ದಾರಿ. ದಾರಿಯಲ್ಲಿ ಯಾರೋ ನಮಸ್ಕಾರ ಮಾಡಿದರು, ಯಾರೆಂದು ಈಗಲೂ ನೆನಪಿಲ್ಲ. ಕೇಡಿಲ್ಲದ್ದು ಎಂದು ಬರೆದಿದೆಯಲ್ಲ, ಬರೆದಿದೆಯಲ್ಲ ಎಂದು ಒಂದೇ ಮಾತನ್ನು ಮನಸ್ಸಿನಲ್ಲಿ ತಿರುತಿರುಗಿ ಹೇಳಿಕೊಳ್ಳುತ್ತ ನಡೆದೆ.

"ಆ ವರದಿ ಎಲ್ಲದ?" ಎಂದು ಬಾಗಿಲಲ್ಲೇ ಕೇಳಿದೆ.

ರಂಗೂಬಾಯಿ ಸೊಪ್ಪು ಸೋಸುತ್ತಿದ್ದಳು. "ಈಗ್ಯಾಕ್ರಿ ಅದು?"

"ಎಲ್ಲದ ಹೇಳು."

ಟ್ರಂಕಿನ ತಳದಲ್ಲಿ ಸೀರೆಗಳ ಕೆಳಗಿಟ್ಟಿದ್ದಳು. ತಂದು ಕೊಡುವಾಗ ಟಾಚಣಿಯ ಮೇಲೆ ಬೆರಳಿಟ್ಟು, "ನೀವು ಓದೂ ಹಂಗಿಲ್ರಿ ಅದನ್ನ" ಎಂದು ಮತ್ತೆ ಅಂದಳು. ನಾನು ಅವಳ ಬೆರಳು ಸರಿಸಿ ಟಾಚಣಿ ಕಿತ್ತೆ. ಜೂನ್ ಇಪ್ಪತ್ತೇಳರ ತಾರೀಖು. ಬಲ ಮೊಲೆ, ಇಂತಿಷ್ಟು ಅಳತೆ. ಕೆಂಪು ಗೆರೆ. ಅದರ ಕೆಳಗೆ ಎರಡೇ ಸಾಲು. ಕೊಯ್ದ ಅಂಚಿನವರೆಗೂ ಗಂಟು ಇದೆ. ಇನ್ನೂ ಅಗಲವಾಗಿ ಮತ್ತೊಮ್ಮೆ ತೆಗೆಯುವುದು ಸೂಕ್ತ.

ಕಠಿಣ ಶಬ್ದ ಒಂದೂ ಇರಲಿಲ್ಲ. ಒಂಬತ್ತನೆಯ ಇಯತ್ತೆಯ ಹುಡುಗಿಯೂ ಓದಿ ತಿಳಿಯುವ ಇಂಗ್ಲಿಷು.

"ಏನ್ ಬರದಾರ್ರಿ?" ಎಂದಳು ರಂಗೂಬಾಯಿ. ನಾನು ಕಾಗದವನ್ನು ಹಿಡಿದುಕೊಂಡೇ ಒಳಗೆ ನಡೆದೆ. ಸಂಪದಾ ಹಿತ್ತಲಿನಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಹೋಗಿ ಅವಳ ಮುಂದೆ ನಿಂತೆ. ಅವಳು ಸೊಸೆಯಾಗಿ ಬಂದ ಹದಿಮೂರು ವರ್ಷದಲ್ಲಿ ಒಮ್ಮೆಯೂ ಕೇಳದಿದ್ದ ಬಗೆಯ ಪ್ರಶ್ನೆ ಕೇಳಬೇಕಿತ್ತು.

"ಅದು... ಮತ್ತ ಬಂದದೇನವಾ?"

ಅವಳು ಮೊರದಿಂದ ತಲೆಯೆತ್ತಲಿಲ್ಲ. ಎರಡು ಹರಳು ಆರಿಸಿ ಬದಿಗಿಟ್ಟಳು. "ಬಂದದ ಮಾಮಾ. ಗಣಪತಿ ಹಬ್ಬದಾಗ ಕೈಗೆ ಹತ್ತಿತು."

"ಗಣಪತಿ ಹೋಗಿ ತಿಂಗಳಾತು! ಹೇಳಬಾರದೇನು?"

"ನೀವ ಹೇಳಿದ್ರಲ್ಲ, ಚೂರು ಉಳದಿದ್ರೂ ತಾನ ಉದುರ್ತದ ಅಂತ. ದಾರಿ ಕಾದೆ" ಎಂದಳು. ವ್ಯಂಗ್ಯವೇ ಇರಲಿಲ್ಲ ಆ ಮಾತಿನಲ್ಲಿ. ವ್ಯಂಗ್ಯವಿದ್ದಿದ್ದರೆ ನಾನು ಸಿಟ್ಟು ಮಾಡಿಯಾದರೂ ಬದುಕಿಕೊಳ್ಳುತ್ತಿದ್ದೆ.

"ಎಷ್ಟ ದೊಡ್ಡದಾಗೇದ?"

ಅವಳು ಸೆರಗು ಎಳೆದುಕೊಂಡು, ಮುಷ್ಟಿ ಕಟ್ಟಿ ತೋರಿಸಿದಳು.

ಮರುದಿನ ಮುಂಜಾನೆ ವಿಜಯಪುರದ ಬಸ್ಸು ಹಿಡಿದೆವು. ರಂಗೂಬಾಯಿಗೆ ಮೊಣಕಾಲು ಬಾತು ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಸುಶ್ರುತ ಮುದ್ದೇಬಿಹಾಳದಿಂದ ಸೀದಾ ಅಲ್ಲಿಗೇ ಬರುತ್ತೇನೆ, ಮಧ್ಯಾಹ್ನವಾಗುತ್ತದೆ ಎಂದಿದ್ದ. ಹೀಗಾಗಿ ನಾವಿಬ್ಬರೇ. ಸಂಪದಾ ಮುಂದೆ ಹೆಂಗಸರ ಸೀಟಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತಿದ್ದಳು. ಎರಡು ತಾಸು ನಾನು ಅವಳ ಬೆನ್ನನ್ನೇ ನೋಡುತ್ತ ಬಂದೆ. ಬಸ್ಸು ಕುಲುಕಿದಾಗಲೆಲ್ಲ ಅವಳ ಎಡಗೈ ಬಲಗಡೆಗೆ ಹೋಗಿ ಒತ್ತಿ ಹಿಡಿಯುತ್ತಿತ್ತು. ಒಂದು ತಿಂಗಳಿಂದ ಮನೆಯಲ್ಲೂ ಹೀಗೇ ಹಿಡಿಯುತ್ತಿದ್ದಳೇನೋ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಡಾಕ್ಟರು ಹೆಂಗಸು, ಹೆಸರು ವಿಜಯಲಕ್ಷ್ಮಿ, ನನ್ನ ಮಗನ ವಯಸ್ಸು. "ಹೇಳ್ರಿ, ಏನ್ ತ್ರಾಸು?" ಎಂದು ಕೇಳಿದರು. ಸಂಪದಾ ನನ್ನ ಕಡೆ ನೋಡಿ ತಲೆ ತಗ್ಗಿಸಿದಳು. ಡಾಕ್ಟರು ನನಗೆ, "ಕಾಕಾ, ನೀವು ಸ್ವಲ್ಪ ಹೊರಗ ಕೂಡ್ತೀರಾ?" ಎಂದರು.

ನಾನು ಏಳುವಷ್ಟರಲ್ಲಿ ಸಂಪದಾ, "ಇರ್ಲಿ ಮ್ಯಾಡಮ್. ಕಾಗದ ಓದಿದವರು ಅವರ" ಎಂದಳು.

"ಹಂಗಾರ ನೀವ ಹೇಳ್ರಿ" ಎಂದು ಡಾಕ್ಟರು ಪೆನ್ನು ತೆಗೆದರು.

ಹತ್ತನೆಯ ಇಯತ್ತೆಗೆ ಕಾವ್ಯ ಕಲಿಸುವಾಗ ಆ ಅಂಗಕ್ಕೆ ಸಂಸ್ಕೃತದಲ್ಲಿ ಎಷ್ಟು ಹೆಸರಿವೆ ಎಂದು ಅರವತ್ತು ಮಕ್ಕಳ ಮುಂದೆ ಹಲಗೆಯ ಮೇಲೆ ಬರೆದವನು ನಾನು. ಅಂದು ಆ ಕೋಣೆಯಲ್ಲಿ ನನ್ನ ನಾಲಿಗೆ ಹೊರಳಲಿಲ್ಲ. ಡಾಕ್ಟರು ಕಾಯುತ್ತಿದ್ದರು, ಹೊರಗೆ ಇನ್ನೂ ಮೂವತ್ತು ಮಂದಿ ಕೂತಿದ್ದರು.

"ಬಲ ಮೊಲಿಯೊಳಗ ಗಂಟು ಆಗಿತ್ರಿ" ಎಂದೆ. "ಜೂನಿನ್ಯಾಗ ತಗದ್ರು. ಅಂಚಿಗೆ ಉಳದದ ಅಂತ ವರದ್ಯಾಗ ಬರದಿತ್ತು. ನಾ ಓದ್ಲಿಲ್ಲ. ಡಾಕ್ಟರ ಹತ್ರ ಹೋಗೂದ ಬ್ಯಾಡ ಅಂದವನೂ ನಾನ. ಈಗ ಮತ್ತ ಬಂದದ, ಮುಷ್ಟಿಯಷ್ಟು."

ಡಾಕ್ಟರು ನನ್ನನ್ನು ಬೈಯಲಿಲ್ಲ. ಪರದೆಯ ಆಚೆ ಕರೆದೊಯ್ದು ಸಂಪದಾಳನ್ನು ತಪಾಸಣೆ ಮಾಡಿ ಬಂದು ಕೈ ತೊಳೆದುಕೊಂಡರು. ಆಮೇಲೆ ಒಂದು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಒಳಗಿನ ಮಾಂಸ ಬೆಳೆದು ಬೆಳೆದು ಹಾಲಿನ ನಾಳದ ಗೋಡೆಯನ್ನು ಒಳಕ್ಕೆ ನೂಕುತ್ತದೆ, ಸೂಕ್ಷ್ಮದರ್ಶಕದ ಕೆಳಗೆ ಆ ಮಡಿಕೆಗಳು ಎಲೆಯಂತೆ ಕಾಣುತ್ತವೆ.

"ಹೆಸರಿಟ್ಟವರು ಕಂಡ ರೂಪಕ್ಕ ಹೆಸರಿಟ್ರು ಕಾಕಾ. ಅದರ ಗುಣ ಎಂಥಾದ್ದು ಅಂತ ಅವರಿಗೂ ಗೊತ್ತಿರಲಿಲ್ಲ. ಭಾಳ ಮಂದಿಗೆ ಕೇಡು ಮಾಡೂದಿಲ್ಲ, ಕೆಲವರಿಗೆ ಮಾಡ್ತದ. ಎರಡನೇ ಸಲ ಬಂದಾಗ ಗುಣಾನೂ ಬದಲಾಗಿರಬಹುದು. ತಗದು ನೋಡಿದ ಮ್ಯಾಲೆ ಗೊತ್ತು."

"ಮೊದಲ ಬಂದಿದ್ರ?" ಎಂದು ಸಂಪದಾ ಕೇಳಿದಳು.

ಡಾಕ್ಟರು ಚಿತ್ರದ ಗಂಟಿನ ಸುತ್ತ ಇನ್ನೊಂದು ಗೆರೆ ಎಳೆದರು. "ಸುತ್ತ ಒಂದು ಬೆರಳಿನಷ್ಟು ತಗದು ಮುಗಸ್ತಿದ್ವಿ. ಈಗ ಮೊಲಿ ಪೂರ್ತಿ ತಗೀಬೇಕು."

ಸಂಪದಾ ಅಳಲಿಲ್ಲ. ಹಾಳೆಯ ಮೇಲಿನ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಮಧ್ಯಾಹ್ನ ಸುಶ್ರುತ ಬಂದ. ದವಾಖಾನೆಯ ಅಂಗಳದಲ್ಲಿ ನಿಂತು ಎಲ್ಲ ಕೇಳಿದ. ಅವನು ಬೈದಿದ್ದರೆ ಚೆನ್ನಾಗಿತ್ತು. "ನೀವು ಓದಿದ್ರಲ್ಲಪ್ಪಾ?" ಎಂದು ಅಷ್ಟೇ ಕೇಳಿ, ಒಳಗೆ ಹೆಂಡತಿಯ ಹತ್ತಿರ ಹೋದ. ನಾನು ಬೇವಿನ ಗಿಡದ ಕಟ್ಟೆಯ ಮೇಲೆ ಕೂತೇ ಇದ್ದೆ.

ನಾಲ್ಕನೆಯ ದಿನ ಆಪರೇಷನ್ ಆಯಿತು. ಎರಡನೆಯ ವರದಿಗೆ ಹನ್ನೆರಡು ದಿನ ಕಾದೆವು. ಆ ಹನ್ನೆರಡು ದಿನ ನಾನು ಒಂದು ಪುಸ್ತಕವನ್ನೂ ಮುಟ್ಟಲಿಲ್ಲ. ಕೆಟ್ಟದ್ದಾಗಿದ್ದರೆ ಎಲುಬಿಗೋ ಶ್ವಾಸಕೋಶಕ್ಕೋ ಇಳಿಯಬಹುದು ಎಂದು ಸುಶ್ರುತ ಓದಿಕೊಂಡು ಬಂದಿದ್ದ. ರಂಗೂಬಾಯಿ ದೇವರ ಮುಂದೆ ಕೂತರೆ ಏಳುತ್ತಿರಲಿಲ್ಲ. ಯಾರೂ ಎಲೆ ಎಂಬ ಶಬ್ದ ಎತ್ತಲಿಲ್ಲ. ಊಟಕ್ಕೆ ಎಲೆ ಹಾಕು ಎನ್ನುವುದಕ್ಕೂ ರಂಗೂಬಾಯಿ ತಡವರಿಸುತ್ತಿದ್ದಳು.

ವರದಿ ತರಲು ನಾನೇ ಹೋದೆ. ದವಾಖಾನೆಯ ಬಾಕಿನ ಮೇಲೆ ಕೂತು ಮೇಲಿನ ಸಾಲಿನಿಂದ ಕೊನೆಯ ಸಾಲಿನವರೆಗೆ ಮೂರು ಸಲ ಓದಿದೆ, ಆಮೇಲೆ ಡಾಕ್ಟರಿಗೆ ತೋರಿಸಿ ಪ್ರತಿ ಸಾಲಿನ ಅರ್ಥ ಕೇಳಿದೆ. ಅತ್ತ ಕೆಟ್ಟದ್ದೂ ಅಲ್ಲ, ಇತ್ತ ಪೂರ್ತಿ ಒಳ್ಳೆಯದೂ ಅಲ್ಲ, ನಡುವಿನದು. ಅಂಚು ನಾಲ್ಕೂ ಕಡೆ ಸ್ವಚ್ಛ. ಐದು ವರ್ಷಗಳ ಕಾಲ, ಆರು ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಜೀವಕ್ಕೆ ಸದ್ಯ ಭಯವಿಲ್ಲ. ಫೋನಿನಲ್ಲಿ ಮಗನಿಗೆ ಇಷ್ಟು ಹೇಳುವಾಗ ನಾನು ಗಟ್ಟಿಯಾಗಿ ಅತ್ತೆ. ಬಾಕಿನ ಮೇಲಿದ್ದ ಮುದುಕಿ ಜರುಗಿ ಜಾಗ ಬಿಟ್ಟುಕೊಟ್ಟಳು.

ಮನೆಗೆ ಬಂದು ಸಂಪದಾಳಿಗೆ ಎಲ್ಲ ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿದೆ. ಅವಳು ದಿಂಬಿಗೆ ಒರಗಿ ಕೂತು ಪೂರ್ತಿ ಕೇಳಿಸಿಕೊಂಡಳು.

"ಮಾಮಾ, ನನಗ ನಿಮ್ಮ ಮ್ಯಾಲೆ ಸಿಟ್ಟದ" ಎಂದಳು. "ಜಳಕಕ್ಕ ಹೋದಾಗ ದಿನಾ ಬರ್ತದ. ಹೋಗ್ತದೋ ಇಲ್ಲೋ ಗೊತ್ತಿಲ್ಲ."

"ತಪ್ಪಾತವಾ" ಎಂದೆ.

"ಹೌದು, ತಪ್ಪಾತು."

ನಾನು ಹೊರಗೆ ಹೋಗಲು ತಿರುಗಿದೆ. ಅವಳು ಕೈ ಸನ್ನೆಯಿಂದ ತಡೆದಳು.

"ಏಪ್ರಿಲ್‌ಗೆ ತೋರಸ್ಲಿಕ್ಕೆ ನೀವ ಬರಬೇಕು. ಇವರು ಡಾಕ್ಟರ್ ಮುಂದ ನೆಲಾ ನೋಡ್ಕೋತ ನಿಂದರ್ತಾರ. ಅತ್ಯಾ ಅಳ್ತಾರ. ನನಗ ಬಾಯಿ ಬರೂದಿಲ್ಲ. ಕೇಳಬೇಕಾದ್ದನ್ನ ಕೇಳೋರು ಈಗ ಈ ಮನ್ಯಾಗ ನೀವೊಬ್ರ."

"ಬರ್ತೀನಿ."

"ಏಪ್ರಿಲ್ ತನಕ ಸುಮ್ನ ಕೂಡಬ್ಯಾಡ್ರಿ. ಈಗ ಕೇಳ್ರಿ."

ಬಾಗಿಲಲ್ಲಿ ರಂಗೂಬಾಯಿ ಹಾಲಿನ ಲೋಟ ಹಿಡಿದು ನಿಂತಿದ್ದಳು. ನಾನು ಕುರ್ಚಿ ಎಳೆದು ಸೊಸೆಯ ಎದುರು ಕೂತೆ.

"ಗಾಯ ಹ್ಯಾಂಗದ?"

"ಒಣಗೇದ. ಕಂಕುಳ ಹತ್ರ ಒಂದ್ ಕಡೆ ಬಿಗೀತದ. ಕೈ ಮ್ಯಾಲೆತ್ತಿದ್ರ ನೋಯ್ತದ."

"ಎಷ್ಟ ಎತ್ತಿದ್ರ?"

ಸಂಪದಾ ಬಲಗೈಯನ್ನು ನಿಧಾನಕ್ಕೆ ಎತ್ತಿದಳು. ಭುಜದ ಮಟ್ಟಕ್ಕೆ ಬರುವ ಮೊದಲೇ ಅವಳ ತುಟಿ ಬಿಗಿಯಿತು, ಕೈ ಅಲ್ಲೇ ನಿಂತಿತು.

"ಇಷ್ಟ" ಎಂದಳು.